ಗೋಧಿ ಹೊಲ, ಮೂರು ದಾರಿ, ಕಾಗೆಗಳು: ಪೋಸ್ಟ್-ಇಂಪ್ರೆಷನಿಸ್ಟ್ ನಿಸರ್ಗಚಿತ್ರವೊಂದನ್ನು ಅರ್ಥೈಸುವ ಬಗೆ

ವಿನ್ಸೆಂಟ್ ವ್ಯಾನ್ ಗೋ 1890ರ ಜುಲೈನಲ್ಲಿ ಬರೆದ 'ಕಾಗೆಗಳಿರುವ ಗೋಧಿ ಹೊಲ' ಎಂಬ ಚಿತ್ರವನ್ನು ನೋಡುವ ಮೊದಲೇ ಬಹಳಷ್ಟು ಜನ ಅದರ ಬಗ್ಗೆ ಒಂದು ಕತೆಯನ್ನು ಕೇಳಿರುತ್ತಾರೆ. ಇದು ಅವನ ಕೊನೆಯ ಚಿತ್ರ, ಕಪ್ಪಿಟ್ಟ ಆಕಾಶವೆಂದರೆ ಸಾವು, ಕಾಗೆಗಳೆಂದರೆ ಸಾವಿನ ದೂತರು, ನಡುವೆ ನಿಂತುಹೋದ ದಾರಿಯೆಂದರೆ ಮುಗಿದುಹೋದ ಬದುಕು ಎಂಬುದೇ ಆ ಕತೆ. ಕೇಳುವುದಕ್ಕೆ ಅಚ್ಚುಕಟ್ಟಾಗಿದೆ, ನೆನಪಿನಲ್ಲಿಯೂ ಸುಲಭವಾಗಿ ಉಳಿಯುತ್ತದೆ. ಆದರೆ ಚಿತ್ರದ ಸಂಕೇತಗಳನ್ನು ತಿಳಿಯಬೇಕೆನ್ನುವವರಿಗೆ ಇದಕ್ಕಿಂತ ದೊಡ್ಡ ಅಡ್ಡಿ ಬೇರೊಂದಿಲ್ಲ, ಏಕೆಂದರೆ ಉತ್ತರವನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡವರು ಚಿತ್ರದ ಮುಂದೆ ನಿಂತರೂ ಅದನ್ನು ನೋಡುವುದಿಲ್ಲ. ಈ ಲೇಖನದಲ್ಲಿ ಇದೇ ಒಂದು ಚಿತ್ರವನ್ನು ಇಟ್ಟುಕೊಂಡು, ನಿಸರ್ಗಚಿತ್ರವೊಂದರ ಅರ್ಥವನ್ನು ಕ್ಯಾನ್ವಾಸಿನಿಂದಲೇ ಹೆಜ್ಜೆ ಹೆಜ್ಜೆಯಾಗಿ ಕಂಡುಕೊಳ್ಳುವುದು ಹೇಗೆ ಎಂಬುದನ್ನು ವಿವರಿಸಿದ್ದೇನೆ. ಒಂದು ಚಿತ್ರದಲ್ಲಿ ಕ್ರಮ ರೂಢಿಯಾದರೆ ಬೇರೆ ಚಿತ್ರಗಳಿಗೂ ಅದನ್ನು ಒಗ್ಗಿಸಿಕೊಳ್ಳಬಹುದು.

ಹೆಸರಿನ ಬಗ್ಗೆ ಒಂದು ಮಾತನ್ನು ಹೇಳಿ ಮುಂದಕ್ಕೆ ಹೋಗೋಣ. 'ಪೋಸ್ಟ್-ಇಂಪ್ರೆಷನಿಸ್ಟ್' ಎಂಬ ಹೆಸರನ್ನು ಈ ಕಲಾವಿದರು ತಾವಾಗಿ ಇಟ್ಟುಕೊಂಡದ್ದಲ್ಲ. 1910ರಲ್ಲಿ ಲಂಡನ್ನಿನ ಗ್ರಾಫ್ಟನ್ ಗ್ಯಾಲರಿಯಲ್ಲಿ ಪ್ರದರ್ಶನವೊಂದನ್ನು ಏರ್ಪಡಿಸಿದ ವಿಮರ್ಶಕ ರೋಜರ್ ಫ್ರೈ ಅವರು ಬಳಕೆಗೆ ತಂದ ಹೆಸರು ಅದು. ಆ ಹೊತ್ತಿಗೆ ಈ ಹೆಸರಿನಡಿ ಬರುವ ಮುಖ್ಯ ಚಿತ್ರಕಾರರಾದ ವ್ಯಾನ್ ಗೋ, ಗೊಗ್ಯಾಂ, ಸೆರಾ, ಸೆಜಾನ್ ನಾಲ್ವರೂ ತೀರಿಕೊಂಡಿದ್ದರು. ಇವರಿಗಿಂತ ಮುಂಚಿನ ಇಂಪ್ರೆಷನಿಸ್ಟ್ ಚಿತ್ರಕಾರರು ಕಣ್ಣಿಗೆ ಬಿದ್ದ ಕ್ಷಣದ ಬೆಳಕನ್ನು ಹಿಡಿಯಲು ಹೊರಟರೆ, ಇವರು ಆ ಬಣ್ಣದ ಸ್ವಾತಂತ್ರ್ಯವನ್ನು ಉಳಿಸಿಕೊಂಡು ಅದರ ಮೇಲೆ ಭಾವ, ರಚನೆ, ಸಂಕೇತ ಇವುಗಳಲ್ಲಿ ಒಂದನ್ನೋ ಹಲವನ್ನೋ ಹೊರಿಸಿದರು. ಆದರೆ ನಾಲ್ವರೂ ನಾಲ್ಕು ದಾರಿ ಹಿಡಿದವರು. ಹಾಗಾಗಿ 'ಪೋಸ್ಟ್-ಇಂಪ್ರೆಷನಿಸ್ಟ್ ಚಿತ್ರವಾದ್ದರಿಂದ ಇದರಲ್ಲಿ ಸಂಕೇತ ಇರಲೇಬೇಕು' ಎಂದು ಹೊರಡುವುದು ಸರಿಯಲ್ಲ.

ಅಳತೆಯಿಂದ ಆರಂಭಿಸಿ

ಮೂಲ ಚಿತ್ರ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂನಲ್ಲಿದೆ. ಅದರ ಎತ್ತರ ಸುಮಾರು 50.5 ಸೆಂಟಿಮೀಟರ್, ಅಗಲ ಸುಮಾರು 103 ಸೆಂಟಿಮೀಟರ್. ಅಂದರೆ ಎರಡು ಚೌಕಗಳನ್ನು ಅಕ್ಕಪಕ್ಕ ಇಟ್ಟ ಆಕಾರ. ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಈ ಅಳತೆಯ ಆಯತವೊಂದನ್ನು ಬರೆದು, ಒಂದು ತೋಳಿನಷ್ಟು ದೂರದಲ್ಲಿ ನಿಂತು ನೋಡಿ. ಅದರ ಎಡತುದಿಯನ್ನು ನೋಡುವಾಗ ಬಲತುದಿ ಸ್ಪಷ್ಟವಾಗಿ ಕಾಣುವುದಿಲ್ಲ, ಕಣ್ಣನ್ನು ಅಲ್ಲ, ಕತ್ತನ್ನೇ ಹೊರಳಿಸಬೇಕಾಗುತ್ತದೆ. ವ್ಯಾನ್ ಗೋ ತನ್ನ ಕೊನೆಯ ವಾರಗಳಲ್ಲಿ, ಫ್ರಾನ್ಸಿನ ಓವೆರ್ ಹಳ್ಳಿಯಲ್ಲಿದ್ದಾಗ, ಈ ಆಕಾರದ ಕ್ಯಾನ್ವಾಸುಗಳನ್ನು ಹನ್ನೆರಡರ ಆಸುಪಾಸಿನಷ್ಟು ಬಳಸಿದ. ಅದೇ ಊರಿನಲ್ಲಿ ಮೊದಲು ನೆಲೆಸಿದ್ದ ಹಿರಿಯ ನಿಸರ್ಗ ಚಿತ್ರಕಾರ ದೋಬಿನಿಯೂ ಇಂಥ ಅಗಲವಾದ ಆಕಾರಕ್ಕೆ ಹೆಸರಾಗಿದ್ದ, ವ್ಯಾನ್ ಗೋಗೆ ಅವನ ಮೇಲೆ ಅಪಾರ ಗೌರವವಿತ್ತು. ಬಯಲಿನ ವಿಸ್ತಾರವನ್ನು ನೋಡುಗನ ಮೈಗೆ ಮುಟ್ಟಿಸುವ ಕೆಲಸದ ಅರ್ಧವನ್ನು ಈ ಆಕಾರವೇ ಮಾಡಿಬಿಡುತ್ತದೆ, ಕಾಗೆಯೊಂದನ್ನೂ ಬರೆಯುವ ಮೊದಲೇ.

ಆದ್ದರಿಂದ ಎರಡೂ ಬದಿಗಳನ್ನು ಕತ್ತರಿಸಿದ ಪೋಸ್ಟರನ್ನೋ ಫೋನಿನ ಪರದೆಗೆ ಹೊಂದಿಸಿದ ಪ್ರತಿಯನ್ನೋ ಇಟ್ಟುಕೊಂಡು ವ್ಯಾಖ್ಯಾನಕ್ಕೆ ಕೂರಬೇಡಿ. ಬದಿಗಳು ಹೋದರೆ ಎರಡು ದಾರಿಗಳು ಹೋಗುತ್ತವೆ, ದಾರಿಗಳು ಹೋದರೆ ಚಿತ್ರದ ಮುಖ್ಯ ಪ್ರಶ್ನೆಯೇ ಹೋಗುತ್ತದೆ. ಮ್ಯೂಸಿಯಂನ ಜಾಲತಾಣದಲ್ಲಿ ಇಡೀ ಚಿತ್ರದ ಹಿಗ್ಗಿಸಿ ನೋಡಬಹುದಾದ ಪ್ರತಿ ಸಿಗುತ್ತದೆ. ಸಾಧ್ಯವಾದರೆ ದೊಡ್ಡ ಪರದೆಯಲ್ಲಿಯೇ ನೋಡಿ. ದಪ್ಪ ತೈಲವರ್ಣ ಕ್ಯಾನ್ವಾಸಿನ ಮೇಲೆ ಹೇಗೆ ಎದ್ದು ನಿಲ್ಲುತ್ತದೆ ಎಂಬುದನ್ನು ಕಣ್ಣಾರೆ ಕಂಡಿಲ್ಲದವರು ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋಗಿ, ಯಾವುದಾದರೊಂದು ತೈಲಚಿತ್ರವನ್ನು ಪಕ್ಕದಿಂದ, ಓರೆಯಾಗಿ ನೋಡಿ ಬರುವುದು ಒಳ್ಳೆಯದು. ಪರದೆ ಮುಚ್ಚಿಡುವ ಸಂಗತಿ ಏನೆಂಬುದು ಆಗ ತಿಳಿಯುತ್ತದೆ.

ಅರ್ಥದ ಮಾತಿಲ್ಲದೆ ಕಂಡದ್ದನ್ನು ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಚಿತ್ರದಲ್ಲಿ ಏನೇನಿದೆ ಎಂದು ಬರೆಯಿರಿ. ನಿಯಮ ಒಂದೇ: 'ದುಃಖದ', 'ಭೀಕರ', 'ಅಶುಭ' ಎಂಬಂಥ ಮಾತುಗಳನ್ನು ಈ ಹಂತದಲ್ಲಿ ಬಳಸಬಾರದು. ಈ ಚಿತ್ರಕ್ಕೆ ಅಂಥ ಪಟ್ಟಿ ಸುಮಾರು ಹೀಗಿರುತ್ತದೆ. ಕೆಳಗೆ ಕಟಾವಿಗೆ ಬಂದ ಗೋಧಿಯ ಹಳದಿ, ಮೇಲೆ ಕಡುನೀಲಿ ಆಕಾಶ, ಅದರಲ್ಲಿ ಮೋಡವೆನ್ನಬಹುದಾದ ಎರಡು ತಿಳಿ ಸುಳಿಗಳು. ಮುನ್ನೆಲೆಯಿಂದ ಹೊರಟ ಮೂರು ಬಂಡಿಜಾಡುಗಳು ಕೆಂಪು ಕಂದು ಬಣ್ಣದಲ್ಲಿವೆ, ಅವುಗಳ ಅಂಚಿನಲ್ಲಿ ಹಸಿರು ಹುಲ್ಲಿದೆ. ಗೋಧಿಯ ಮೇಲಿನಿಂದ ಆಕಾಶದವರೆಗೆ ಚದುರಿದ ಕಾಗೆಗಳ ಹಿಂಡು. ಮನುಷ್ಯರಿಲ್ಲ, ಮನೆಯಿಲ್ಲ, ಮರವಿಲ್ಲ, ಸೂರ್ಯನೂ ಇಲ್ಲ.

ಏನಿಲ್ಲ ಎಂಬುದನ್ನು ಬರೆಯುವುದನ್ನು ಮರೆಯಬೇಡಿ. ಗೋಧಿ ಬೆಳೆದು ನಿಂತಿದೆ, ಅದನ್ನು ಬಿತ್ತಿದವರೂ ಕೊಯ್ಯುವವರೂ ಕಾಣುವುದಿಲ್ಲ. ಬಂಡಿಗಳು ಓಡಾಡಿದ ಜಾಡು ಇದೆ, ಬಂಡಿ ಇಲ್ಲ. ರೈತರನ್ನು ಜೀವನವಿಡೀ ಚಿತ್ರಿಸಿದ ಒಬ್ಬ ಕಲಾವಿದ ಇಲ್ಲಿ ರೈತನನ್ನು ಬಿಟ್ಟಿದ್ದಾನೆ ಎಂಬುದು ಕಾಗೆಗಳಷ್ಟೇ ದೊಡ್ಡ ಸಂಗತಿ.

ಇನ್ನೊಂದು ವಿಷಯವನ್ನೂ ಗಮನಿಸಿ. ಆಕಾಶ ಇಷ್ಟು ಕಪ್ಪಾಗಿದ್ದರೂ ಹೊಲ ಬೆಳಗುತ್ತಿದೆ, ಎದ್ದು ಕಾಣುವ ನೆರಳು ಎಲ್ಲಿಯೂ ಇಲ್ಲ. ಇದನ್ನು ಕಂಡ ಕೂಡಲೇ ಸಂಕೇತವೆಂದು ಹಾರಬೇಕಾಗಿಲ್ಲ. ಬಯಲುಸೀಮೆಯಲ್ಲಿ ಬೆಳೆದವರು ಮಳೆ ಬರುವ ಮುಂಚೆ ಇಂಥ ಬೆಳಕನ್ನು ನೋಡಿರುತ್ತಾರೆ: ಎದುರಿಗೆ ಕಾರ್ಮೋಡ ಕವಿದಿರುವಾಗ ಹಿಂದಿನಿಂದ ಬಿದ್ದ ಬಿಸಿಲಿಗೆ ಮಾಗಿದ ಬೆಳೆ ಉರಿಯುವಂತೆ ಹೊಳೆಯುತ್ತದೆ. ನಿಜ ಜಗತ್ತಿನಲ್ಲಿ ಇದು ಸಾಧ್ಯವೇ ಎಂದು ಮೊದಲು ಕೇಳಿ, ಸಾಧ್ಯವಾದರೆ ಕಲಾವಿದ ಅದರಲ್ಲಿ ಯಾವುದನ್ನು ಹೆಚ್ಚಿಸಿದ್ದಾನೆ, ಯಾವುದನ್ನು ಕೈಬಿಟ್ಟಿದ್ದಾನೆ ಎಂದು ನಂತರ ಕೇಳುವುದು ಒಳ್ಳೆಯ ಅಭ್ಯಾಸ.

ಕಣ್ಣು ನಡೆಯುವ ದಾರಿಯನ್ನು ಗುರುತಿಸಿ

ಸಾಮಾನ್ಯ ನಿಸರ್ಗಚಿತ್ರದಲ್ಲಿ ದಾರಿಯೊಂದಿದ್ದರೆ ಅದು ನೋಡುಗನನ್ನು ಮುನ್ನೆಲೆಯಿಂದ ಎತ್ತಿಕೊಂಡು ದಿಗಂತದತ್ತ ಕರೆದೊಯ್ಯುತ್ತದೆ, ಎರಡು ಅಂಚುಗಳು ದೂರದಲ್ಲಿ ಕೂಡಿ ಆಳವನ್ನು ಹುಟ್ಟಿಸುತ್ತವೆ. ಇಲ್ಲಿ ಆ ಕ್ರಮ ನಡೆಯುವುದಿಲ್ಲ. ಎಡದ ದಾರಿ ಎಡ ಅಂಚಿನಿಂದ ಹೊರಗೆ ಹೋಗುತ್ತದೆ, ಬಲದ್ದು ಬಲ ಅಂಚಿನಿಂದ ಹೋಗುತ್ತದೆ. ನಡುವಿನದು ಬಳುಕುತ್ತಾ ಗೋಧಿಯೊಳಗೆ ನುಗ್ಗಿ, ದಿಗಂತವನ್ನು ಮುಟ್ಟುವ ಮೊದಲೇ ಬೆಳೆಯಲ್ಲಿ ಕರಗಿಹೋಗುತ್ತದೆ. ಚಿತ್ರದ ಕೆಳ ಅಂಚಿನಲ್ಲಿ ದಾರಿಗಳು ಕೂಡುವ ಜಾಗದಲ್ಲಿ ನಿಂತಿರುವವರು ಯಾರು ಎಂದು ಕೇಳಿಕೊಂಡರೆ, ಅದು ಚಿತ್ರ ಬರೆದವನು, ಈಗ ಚಿತ್ರ ನೋಡುತ್ತಿರುವ ನಾವು.

ಇದನ್ನು ಪರೀಕ್ಷಿಸಲು ಸರಳ ಉಪಾಯವಿದೆ. ಚಿತ್ರದ ಮುದ್ರಿತ ಪ್ರತಿಯ ಮೇಲೆ ತೆಳು ಹಾಳೆ ಇಟ್ಟು ಮೂರು ದಾರಿಗಳನ್ನೂ ದಿಗಂತರೇಖೆಯನ್ನೂ ಮಾತ್ರ ಪೆನ್ಸಿಲ್ಲಿನಿಂದ ತೆಗೆಯಿರಿ. ಬಣ್ಣವೂ ಕಾಗೆಗಳೂ ಇಲ್ಲದ ಆ ನಾಲ್ಕೈದು ಗೆರೆಗಳಲ್ಲಿಯೇ 'ಯಾವ ಕಡೆ ಹೋಗಬೇಕು' ಎಂಬ ತಬ್ಬಿಬ್ಬು ಉಳಿದಿರುತ್ತದೆ. ಹಾಗೆ ಉಳಿದರೆ, ಆ ಭಾವ ನೀವು ಕೇಳಿದ ಕತೆಯಿಂದ ಬಂದದ್ದಲ್ಲ, ರಚನೆಯಿಂದಲೇ ಬಂದದ್ದು ಎಂದು ಧೈರ್ಯವಾಗಿ ಹೇಳಬಹುದು. ಅದರ ಮೇಲೆ ಕಾಗೆಗಳ ಹಿಂಡನ್ನು ಸೇರಿಸಿ ನೋಡಿ. ಅವು ನಮ್ಮ ಕಡೆಗೆ ಬರುತ್ತಿವೆಯೋ ನಮ್ಮಿಂದ ದೂರ ಹೋಗುತ್ತಿವೆಯೋ ಎಂದು ಖಚಿತವಾಗಿ ಹೇಳಲಾಗುವುದಿಲ್ಲ. ಈ ಅನಿಶ್ಚಯವನ್ನು ಪರಿಹರಿಸಲು ಹೋಗಬೇಡಿ, ಹಾಳೆಯಲ್ಲಿ ಹಾಗೆಯೇ ಬರೆದಿಟ್ಟುಕೊಳ್ಳಿ.

ಬಣ್ಣ ಮತ್ತು ಕುಂಚ

ಬಣ್ಣಗಳನ್ನು ಜೋಡಿಯಾಗಿ ನೋಡಬೇಕು. ನೀಲಿ ಆಕಾಶಕ್ಕೆ ಎದುರಾಗಿ ಕಿತ್ತಳೆಯತ್ತ ವಾಲಿದ ಹಳದಿ ಗೋಧಿ, ಕೆಂಪು ದಾರಿಗೆ ಎದುರಾಗಿ ಹಸಿರು ಹುಲ್ಲು. ಇವು ಪೂರಕ ವರ್ಣಗಳು: ಪಕ್ಕಪಕ್ಕದಲ್ಲಿ ಇಟ್ಟರೆ ಒಂದು ಇನ್ನೊಂದನ್ನು ಹೆಚ್ಚು ಉಜ್ವಲವಾಗಿ ಕಾಣಿಸುತ್ತದೆ. ನೆದರ್‌ಲ್ಯಾಂಡ್ಸಿನ ನ್ಯೂನೆನ್‌ನಲ್ಲಿದ್ದ ಕಾಲದಲ್ಲಿಯೇ ವ್ಯಾನ್ ಗೋ ಫ್ರೆಂಚ್ ಚಿತ್ರಕಾರ ದೆಲಕ್ರುವಾನ ವರ್ಣಕ್ರಮವನ್ನು ಓದಿ ತಿಳಿದುಕೊಂಡಿದ್ದ, ಪ್ಯಾರಿಸ್ಸಿನಲ್ಲಿ ಚಿತ್ರಕಾರರಾದ ಸೆರಾ ಮತ್ತು ಸಿನ್ಯಾಕ್ ಅದನ್ನೇ ಬೇರೆ ರೀತಿಯಲ್ಲಿ ಬಳಸುವುದನ್ನು ಕಂಡಿದ್ದ. ಹಾಗಾಗಿ ಈ ಬಣ್ಣಗಳು ಹುಚ್ಚಿನ ಆವೇಶದಲ್ಲಿ ಚೆಲ್ಲಿದವು ಎಂಬ ಮಾತಿಗೆ ಆಧಾರವಿಲ್ಲ. ಎರಡು ವರ್ಣಜೋಡಿಗಳನ್ನು ಒಂದೇ ಕ್ಯಾನ್ವಾಸಿನಲ್ಲಿ ಇಷ್ಟು ನಿಖರವಾಗಿ ಎದುರುಬದುರಾಗಿ ನಿಲ್ಲಿಸಿದವನು ತಾನು ಏನು ಮಾಡುತ್ತಿದ್ದೇನೆಂದು ಬಲ್ಲ ಕಸಬುದಾರ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ವ್ಯಾನ್ ಗೋನ ಮಾನಸಿಕ ಕಾಯಿಲೆಯನ್ನು ಅವನ ಕಲೆಯ ವಿವರಣೆಯಾಗಿ ಬಳಸುವ ಬರಹಗಳು ಅವನ ದುಡಿಮೆಗೂ ಓದಿಗೂ ಅನ್ಯಾಯ ಮಾಡುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅವನು ಬಳಸಿದ ಕೆಲವು ಕೆಂಪು ಬಣ್ಣಗಳು ಬೆಳಕಿಗೆ ಮಾಸುವ ಜಾತಿಯವು. ಅವನ ಪ್ರಸಿದ್ಧ ಮಲಗುವ ಕೋಣೆಯ ಚಿತ್ರದಲ್ಲಿ ಈಗ ನೀಲಿಯಾಗಿ ಕಾಣುವ ಗೋಡೆಗಳು ಮೊದಲು ನೇರಳೆಯಾಗಿದ್ದವು. ಆದ್ದರಿಂದ ವ್ಯಾನ್ ಗೋನ ಯಾವುದೇ ಚಿತ್ರದಲ್ಲಿ ಒಂದು ಬಣ್ಣದ ಸೂಕ್ಷ್ಮ ಛಾಯೆಯ ಮೇಲೆ ದೊಡ್ಡ ಅರ್ಥದ ಗೋಪುರ ಕಟ್ಟುವ ಮೊದಲು, ಆ ಛಾಯೆ 130 ವರ್ಷಗಳ ಹಿಂದೆ ಹೀಗೆಯೇ ಇತ್ತೇ ಎಂದು ಕೇಳಿಕೊಳ್ಳಬೇಕು.

ಇನ್ನು ಕುಂಚ. ಹಿಗ್ಗಿಸಿದ ಪ್ರತಿಯಲ್ಲಿ ಒಂದೇ ಒಂದು ಕಾಗೆಯನ್ನು ಆರಿಸಿಕೊಳ್ಳಿ. ಕೊಕ್ಕಿಲ್ಲ, ಕಣ್ಣಿಲ್ಲ, ಗರಿಯಿಲ್ಲ. ಕಪ್ಪು ಬಣ್ಣದ ಒಂದೆರಡು ಎಳೆತಗಳು ನಡುವೆ ಮುರಿದು ರೆಕ್ಕೆಯಾಗಿವೆ, ಅಷ್ಟೇ. ಹಿಂಡಿನಿಂದ ಕಿತ್ತು ಬೇರೆಡೆ ಇಟ್ಟರೆ ಅದು ಕಾಗೆಯೆಂದು ಯಾರೂ ಗುರುತಿಸಲಾರರು. ಅದರ ಕೆಳಗಿನ ಗೋಧಿಯನ್ನು ನೋಡಿ. ಅಲ್ಲಿಯೂ ತೆನೆಗಳಿಲ್ಲ, ದಪ್ಪ ಬಣ್ಣದ ಗಿಡ್ಡ ಗೆರೆಗಳು ಬೇರೆ ಬೇರೆ ದಿಕ್ಕಿಗೆ ವಾಲಿವೆ. ಕಾಗೆಯೂ ತೆನೆಯೂ ಒಂದೇ ಬಗೆಯ ಕೈಚಲನೆಯಿಂದ ಹುಟ್ಟಿವೆ, ಒಂದು ಕಪ್ಪು, ಒಂದು ಹಳದಿ. ಆಕಾಶದಲ್ಲಿ ಮಾತ್ರ ಎಳೆತಗಳು ಉದ್ದವಾಗಿ, ಅಗಲವಾಗಿ ಒತ್ತುತ್ತವೆ. ಇಡೀ ಹೊಲದಲ್ಲಿ ಗಾಳಿ ಬೀಸುತ್ತಿದೆ ಎಂಬ ಅನುಭವ ಬರುವುದು ಈ ದಿಕ್ಕುಗಳಿಂದ. ಕಾಗೆಗಳು ಹೊಲದ ಮೇಲೆ ಹೊರಗಿನಿಂದ ಎರಗಿದ ಶತ್ರುಗಳೆಂದು ಹೇಳುವವರು ಈ ಒಂದು ವಿವರಕ್ಕೆ ಉತ್ತರ ಕೊಡಬೇಕಾಗುತ್ತದೆ: ಕುಂಚದ ಮಟ್ಟಿಗೆ ಅವು ಆ ಹೊಲದ್ದೇ ತುಂಡುಗಳು.

ಸಂಕೇತದ ಅರ್ಥವನ್ನು ಕಲಾವಿದನ ಬೇರೆ ಚಿತ್ರಗಳಲ್ಲಿ ಹುಡುಕಿ

ಇದು ಅತ್ಯಂತ ಮುಖ್ಯವಾದ ಹೆಜ್ಜೆ, ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆಯೂ ಇದೇ. ಕಾಗೆಯನ್ನು ಕಂಡ ಕೂಡಲೇ ಕನ್ನಡದ ಓದುಗರಾದ ನಮಗೆ ನಮ್ಮ ಕಾಗೆ ನೆನಪಾಗುತ್ತದೆ. ಶ್ರಾದ್ಧದ ದಿನ ಪಿಂಡ ಮುಟ್ಟುವ ಪಿತೃಸ್ವರೂಪಿ ಕಾಗೆ, ಶನಿಯ ವಾಹನವಾದ ಕಾಗೆ, ಮನೆಯ ಮುಂದೆ ಕೂಗಿ ನೆಂಟರ ಬರವನ್ನು ತಿಳಿಸುವ ಕಾಗೆ, ಒಂದಗುಳು ಕಂಡರೂ ಬಳಗವನ್ನೆಲ್ಲ ಕರೆಯುವ ಬಸವಣ್ಣನವರ ವಚನದ ಕಾಗೆ. ನಮ್ಮಲ್ಲಿಯೇ ಒಂದು ಹಕ್ಕಿಗೆ ಇಷ್ಟು ಅರ್ಥಗಳಿರುವಾಗ, ಫ್ರಾನ್ಸಿನ ಹೊಲದಲ್ಲಿ ಡಚ್ ಪಾದ್ರಿಯೊಬ್ಬರ ಮಗ ಬರೆದ ಕಾಗೆಗೆ ಒಂದೇ ಅರ್ಥ ಎಂದು ಹೇಗೆ ಹೇಳುವುದು? ಯೂರೋಪಿನಲ್ಲಿ ಕಾಗೆ ಅಪಶಕುನವೆಂಬ ನಂಬಿಕೆ ಇದ್ದದ್ದು ನಿಜ. ಅದೇ ಯೂರೋಪು ಓದುತ್ತಿದ್ದ ಬೈಬಲ್ಲಿನಲ್ಲಿ ಪ್ರವಾದಿ ಎಲೀಯನಿಗೆ ರೊಟ್ಟಿಯನ್ನೂ ಮಾಂಸವನ್ನೂ ತಂದುಕೊಟ್ಟು ಬದುಕಿಸಿದವು ಕಾಗೆಗಳೇ ಎಂಬುದೂ ನಿಜ. ಸಂಕೇತಗಳ ಕೋಶವನ್ನು ತೆರೆದು ಕುಳಿತರೆ ಬೇಕಾದ ಅರ್ಥ ಸಿಗುತ್ತದೆ, ಅದಕ್ಕೇ ಅದನ್ನು ನೆಚ್ಚಬಾರದು.

ಬದಲಿಗೆ ವ್ಯಾನ್ ಗೋನ ಬೇರೆ ಚಿತ್ರಗಳಲ್ಲಿ ಕಾಗೆಗಳು ಎಲ್ಲೆಲ್ಲಿವೆ ಎಂದು ಹುಡುಕಿ. 1885ರಲ್ಲಿ ನ್ಯೂನೆನ್‌ನಲ್ಲಿ ಬರೆದ ಪಾಳು ಚರ್ಚ್ ಗೋಪುರದ ಚಿತ್ರದಲ್ಲಿ ಗೋಪುರದ ಸುತ್ತ ಕಪ್ಪು ಹಕ್ಕಿಗಳು ಹಾರಾಡುತ್ತವೆ, ಕೆಳಗೆ ರೈತರ ಸಮಾಧಿಗಳಿವೆ. ಆ ಚಿತ್ರದ ಬಗ್ಗೆ ಅವನು ತಮ್ಮ ಥಿಯೋಗೆ ಬರೆದ ಪತ್ರದಲ್ಲಿ, ರೈತರು ಬದುಕಿರುವಾಗ ಅಗೆದ ಹೊಲದಲ್ಲಿಯೇ ಶತಮಾನಗಳಿಂದ ಮಣ್ಣಾಗುತ್ತ ಬಂದಿದ್ದಾರೆ, ಸಾಯುವುದೂ ಹೂಳುವುದೂ ಶರತ್ಕಾಲದ ಎಲೆ ಉದುರುವಷ್ಟೇ ಸರಳವಾದ ಸಂಗತಿ ಎಂಬ ಭಾವವನ್ನು ಹೇಳಬೇಕೆಂದಿದ್ದೆ ಎನ್ನುತ್ತಾನೆ. ಮುಂದೆ 1888ರ ಜೂನ್‌ನಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್‌ನಲ್ಲಿ ಬರೆದ 'ಬಿತ್ತುವವ' ಚಿತ್ರದಲ್ಲಿ, ಉತ್ತ ಹೊಲದಲ್ಲಿ ಬೀಜಕ್ಕೆ ಬಂದ ಕಪ್ಪು ಹಕ್ಕಿಗಳಿವೆ. ಅಲ್ಲಿ ಅವುಗಳಿಂದ ಯಾರಿಗೂ ಭಯವಾಗುವುದಿಲ್ಲ. ಬಿತ್ತನೆ ಇದ್ದಲ್ಲಿ, ಬೆಳೆ ಇದ್ದಲ್ಲಿ ಹಕ್ಕಿ ಇರುತ್ತದೆ. ಹೀಗೆ ನೋಡಿದಾಗ ಅವನ ಕಾಗೆ ಸಾವಿಗೆ ಹತ್ತಿರವಿರುವುದು ಹೌದು, ಆದರೆ ಮಣ್ಣು, ಬೀಜ, ಬೆಳೆಗಳ ಮೂಲಕ ಹಾದುಬಂದ ಸಾವಿಗೆ.

ಗೋಧಿಯ ವಿಷಯದಲ್ಲಿ ಪುರಾವೆ ಇನ್ನೂ ಗಟ್ಟಿಯಾಗಿದೆ. 1887ರಲ್ಲಿ ತಂಗಿ ವಿಲ್ಲೆಮಿನ್‌ಗೆ ಬರೆದ ಪತ್ರದಲ್ಲಿ ಅವನು, ಗೋಧಿಯ ಕಾಳಿನಲ್ಲಿ ಮೊಳೆಯುವ ಶಕ್ತಿ ಹೇಗೋ ಹಾಗೆ ಮನುಷ್ಯರಲ್ಲಿ ಪ್ರೀತಿ ಎನ್ನುತ್ತಾನೆ, ಎಲ್ಲ ಕಾಳುಗಳಿಗೂ ಮೊಳೆಯುವ ಭಾಗ್ಯವಿಲ್ಲ, ಎಷ್ಟೋ ಕಾಳು ಬೀಸುವ ಕಲ್ಲಿಗೆ ಹೋಗುತ್ತವೆ ಎಂದೂ ಸೇರಿಸುತ್ತಾನೆ. 1889ರ ಸೆಪ್ಟೆಂಬರ್‌ನಲ್ಲಿ ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯದಿಂದ, ಗೋಧಿ ಕೊಯ್ಯುವವನ ಚಿತ್ರದ ಬಗ್ಗೆ ಬರೆಯುತ್ತಾ, ಅವನಲ್ಲಿ ಸಾವಿನ ರೂಪವನ್ನು ಕಂಡೆ, ಕೊಯ್ಲಿಗೆ ಬಂದ ಬೆಳೆಯೇ ಮನುಕುಲ ಎನ್ನುತ್ತಾನೆ. ಆದರೆ ಆ ಸಾವಿನಲ್ಲಿ ದುಃಖವೇನೂ ಇಲ್ಲ, ಎಲ್ಲವನ್ನೂ ಬಂಗಾರದ ಬೆಳಕಿನಲ್ಲಿ ಮುಳುಗಿಸುವ ಸೂರ್ಯನ ಕೆಳಗೆ, ಹಾಡುಹಗಲಿನಲ್ಲಿ ಅದು ನಡೆಯುತ್ತದೆ ಎಂದೂ ಹೇಳುತ್ತಾನೆ. ಗೋಧಿ ಅವನಿಗೆ ಮನುಷ್ಯಜೀವನದ ಸಂಕೇತವಾಗಿತ್ತು ಎಂದು ನಾವು ಊಹಿಸಬೇಕಾಗಿಯೇ ಇಲ್ಲ, ಅವನೇ ಹೇಳಿದ್ದಾನೆ. ಹಾಗಾದರೆ ಕೊಯ್ಲುಗಾರನ ಚಿತ್ರದಲ್ಲಿದ್ದ ಸೂರ್ಯ ಈ ಚಿತ್ರದಲ್ಲಿ ಏಕಿಲ್ಲ ಎಂಬುದು ಒಳ್ಳೆಯ ಪ್ರಶ್ನೆ. ಇಂಥ ಪ್ರಶ್ನೆ ಹುಟ್ಟುವುದು ಎರಡು ಚಿತ್ರಗಳನ್ನು ಜೊತೆಗಿಟ್ಟಾಗ ಮಾತ್ರ.

ಇದೇ ಹಂತದಲ್ಲಿ ತಿಳಿಯಬೇಕಾದ ಇನ್ನೊಂದು ಪತ್ರವಿದೆ. 1889ರ ಕೊನೆಗೆ ಗೊಗ್ಯಾಂ ಮತ್ತು ಗೆಳೆಯ ಎಮಿಲ್ ಬೆರ್ನಾರ್ ಇಬ್ಬರೂ, ಬಂಧನಕ್ಕೆ ಮುಂಚೆ ಗೆತ್ಸೆಮನೆ ತೋಟದಲ್ಲಿ ಯಾತನೆಯಿಂದ ಪ್ರಾರ್ಥಿಸಿದ ಕ್ರಿಸ್ತನಂಥ ಬೈಬಲ್ ವಸ್ತುಗಳನ್ನು ಚಿತ್ರಿಸುತ್ತಿದ್ದಾಗ ವ್ಯಾನ್ ಗೋ ಅದನ್ನು ಒಪ್ಪಲಿಲ್ಲ. ಯಾತನೆಯ ಭಾವವನ್ನು ಕೊಡಲು ಗೆತ್ಸೆಮನೆಯನ್ನೇ ಬರೆಯಬೇಕಾಗಿಲ್ಲ ಎಂದು ಬೆರ್ನಾರ್‌ಗೆ ಬರೆದು, ತಾನು ಎದುರಿಗಿದ್ದ ಆಲಿವ್ ತೋಪುಗಳನ್ನೇ ಚಿತ್ರಿಸುತ್ತಾ ಹೋದ. ನನ್ನ ಮಟ್ಟಿಗೆ ಅವನ ನಿಸರ್ಗಚಿತ್ರಗಳ ಬೀಗದಕೈ ಇರುವುದು ಇಲ್ಲಿ. ಅವನ ಸಂಕೇತ ಒಂದು ವಸ್ತುವಿನ ಮೇಲೆ ಅಂಟಿಸಿದ ಚೀಟಿಯಲ್ಲ. ನಿಜವಾದ ಹೊಲ, ನಿಜವಾದ ಮರ, ನಿಜವಾದ ಗಾಳಿ ಇವುಗಳ ಬಣ್ಣವನ್ನೂ ಲಯವನ್ನೂ ಹೆಚ್ಚಿಸಿ, ಭಾವ ಅದರೊಳಗಿನಿಂದಲೇ ಹೊಮ್ಮುವಂತೆ ಮಾಡುವುದು ಅವನ ಕ್ರಮ. 'ಕಾಗೆ ಎಂದರೆ ಇದು, ದಾರಿ ಎಂದರೆ ಅದು' ಎಂದು ಬಿಡಿಬಿಡಿಯಾಗಿ ಅರ್ಥ ಹಚ್ಚುವ ವ್ಯಾಖ್ಯಾನ ಅವನ ಈ ಕ್ರಮಕ್ಕೇ ವಿರುದ್ಧವಾದದ್ದು.

ದಿನಾಂಕಗಳನ್ನು ಸರಿಯಾಗಿ ಜೋಡಿಸಿ

ವ್ಯಾನ್ ಗೋ 1890ರ ಮೇ 20ರಂದು ಪ್ಯಾರಿಸ್ ಬಳಿಯ ಓವೆರ್-ಸುರ್-ವಾಸ್ ಎಂಬ ಹಳ್ಳಿಗೆ ಬಂದ. ಅಲ್ಲಿದ್ದ ಸುಮಾರು 70 ದಿನಗಳಲ್ಲಿ 70ಕ್ಕೂ ಹೆಚ್ಚು ಚಿತ್ರಗಳನ್ನು ಬರೆದ. ಜುಲೈ 6ರಂದು ಥಿಯೋನ ಮನೆಗೆ ಹೋಗಿದ್ದಾಗ ತಮ್ಮನ ಉದ್ಯೋಗದ ಚಿಂತೆ, ಮಗುವಿನ ಆರೋಗ್ಯ, ಅವನಿಂದ ಬರುತ್ತಿದ್ದ ಹಣ ಮುಂದೆ ತನಗೆ ಬರುವುದೋ ಇಲ್ಲವೋ ಎಂಬ ಆತಂಕ ಎಲ್ಲವೂ ಅವನನ್ನು ಕಲಕಿದವು. ಹಿಂದಿರುಗಿದ ಮೇಲೆ, ಜುಲೈ 10ರ ಸುಮಾರಿಗೆ ಥಿಯೋ ಮತ್ತು ಅವನ ಹೆಂಡತಿ ಯೋಗೆ ಬರೆದ ಪತ್ರದಲ್ಲಿ, ಕುಂಚ ಕೈಯಿಂದ ಜಾರುವಂತಿದ್ದರೂ ಮತ್ತೆ ಮೂರು ದೊಡ್ಡ ಕ್ಯಾನ್ವಾಸುಗಳನ್ನು ಮಾಡಿದೆ ಎಂದು ತಿಳಿಸುತ್ತಾನೆ. ಅವುಗಳಲ್ಲಿ ಎರಡು, ಕಲಕಿದ ಆಕಾಶದ ಕೆಳಗಿನ ಅಗಾಧ ಗೋಧಿ ಬಯಲುಗಳು. ಅವುಗಳಲ್ಲಿ ದುಃಖವನ್ನೂ ತೀವ್ರ ಒಂಟಿತನವನ್ನೂ ಹೇಳಲು ಬೇಕೆಂದೇ ಪ್ರಯತ್ನಿಸಿದೆ ಎಂದು ಬರೆಯುತ್ತಾನೆ. ಆ ಎರಡರಲ್ಲಿ ಒಂದು ನಮ್ಮ ಚಿತ್ರವೇ ಇರಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಭಿಪ್ರಾಯ.

ಈ ಮಾತನ್ನು ಉದ್ಧರಿಸುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಅದೇ ಪತ್ರ ಮುಂದುವರಿಯುತ್ತದೆ. ಮಾತಿನಲ್ಲಿ ಹೇಳಲಾಗದ್ದನ್ನು, ಅಂದರೆ ಹಳ್ಳಿಗಾಡಿನಲ್ಲಿ ತನಗೆ ಆರೋಗ್ಯಕರವಾಗಿಯೂ ಬಲ ಕೊಡುವಂತೆಯೂ ಕಾಣುವುದನ್ನು, ಈ ಕ್ಯಾನ್ವಾಸುಗಳು ನಿಮಗೆ ಹೇಳುತ್ತವೆ ಎಂದು ನಂಬಿದ್ದೇನೆ ಎನ್ನುತ್ತಾನೆ. ಅದೇ ದಿನಗಳಲ್ಲಿ ತಾಯಿಗೆ ಬರೆದ ಪತ್ರದಲ್ಲಿ, ಸಮುದ್ರದಷ್ಟು ವಿಶಾಲವಾದ ಗೋಧಿ ಹೊಲಗಳಲ್ಲಿ ಮುಳುಗಿಹೋಗಿದ್ದೇನೆ, ಇದನ್ನು ಚಿತ್ರಿಸಲು ಬೇಕಾದ, ಅತಿಯೆನಿಸುವಷ್ಟು ಶಾಂತವಾದ ಮನಸ್ಥಿತಿಯಲ್ಲಿದ್ದೇನೆ ಎಂದಿದ್ದಾನೆ. ತಾಯಿಯನ್ನು ಸಮಾಧಾನಪಡಿಸಲು ಹಾಗೆ ಬರೆದಿರಬಹುದು ಎಂದು ಯಾರಾದರೂ ಹೇಳಿದರೆ ತಳ್ಳಿಹಾಕಲಾಗದು. ಆದರೆ ಥಿಯೋಗೆ ಬರೆದ ಪತ್ರದ ಎರಡನೆಯ ಅರ್ಧಕ್ಕೆ ಆ ಕಾರಣ ಸಾಲುವುದಿಲ್ಲ. ಒಂಟಿತನವೂ ಚೇತರಿಕೆಯೂ ಒಂದೇ ಹೊಲದಲ್ಲಿ ಇವೆ ಎಂದು ಬರೆದವನೇ ಹೇಳಿರುವಾಗ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಎಸೆಯುವ ಹಕ್ಕು ನಮಗಿಲ್ಲ.

ಇನ್ನು 'ಕೊನೆಯ ಚಿತ್ರ' ಎಂಬ ಮಾತು. ಅವನು ಗುಂಡೇಟಿನಿಂದ ಗಾಯಗೊಂಡದ್ದು ಜುಲೈ 27ರಂದು, ತೀರಿಕೊಂಡದ್ದು 29ರಂದು. ಪತ್ರದ ಕಾಲಕ್ಕೂ ಅದಕ್ಕೂ ನಡುವೆ ಎರಡು ವಾರಗಳಿಗೂ ಹೆಚ್ಚು ಅಂತರವಿದೆ. ಅಲ್ಲದೆ, ಈ ಚಿತ್ರದಲ್ಲಿ ಗೋಧಿ ಇನ್ನೂ ನಿಂತಿದೆ. ಓವೆರ್‌ನ ಬೇರೆ ಚಿತ್ರಗಳಲ್ಲಿ ಅದು ಕಟಾವಾಗಿ ಸಿವುಡುಗಳಾಗಿ ನಿಲ್ಲಿಸಲ್ಪಟ್ಟಿದೆ. ಕೊಯ್ದ ಹೊಲದ ಚಿತ್ರ ನಿಂತ ಬೆಳೆಯ ಚಿತ್ರಕ್ಕಿಂತ ನಂತರದ್ದು ಎಂಬುದನ್ನು ರೈತರ ಮನೆಯವರಿಗೆ ವಿವರಿಸಬೇಕಾಗಿಲ್ಲ. ಸಂಶೋಧಕರು ಈಗ ಕೊನೆಯದೆಂದು ಗುರುತಿಸುವುದು 'ಮರದ ಬೇರುಗಳು' ಎಂಬ ಅಪೂರ್ಣ ಕ್ಯಾನ್ವಾಸನ್ನು. ಸಾಯುವ ಮೊದಲಿನ ಮುಂಜಾನೆ ಅವನು ಬಿಸಿಲು ಮತ್ತು ಜೀವ ತುಂಬಿದ ಕಾಡಿನ ನೋಟವೊಂದನ್ನು ಬರೆದಿದ್ದ ಎಂದು ಥಿಯೋನ ಭಾವಮೈದುನ ಆಂದ್ರೀಸ್ ಬೊಂಗರ್ ದಾಖಲಿಸಿದ್ದಾನೆ. ಆ ಬೇರುಗಳಿದ್ದ ಜಾಗವನ್ನು ಹಳೆಯ ಪೋಸ್ಟ್‌ಕಾರ್ಡೊಂದರ ಸಹಾಯದಿಂದ 2020ರಲ್ಲಿ ಓವೆರ್‌ನ ಬೀದಿಯೊಂದರ ಅಂಚಿನಲ್ಲಿ ಗುರುತಿಸಲಾಯಿತು. ಕಾಗೆಗಳ ಚಿತ್ರವೇ ಕೊನೆಯದು ಎಂಬ ನಂಬಿಕೆ ಇಷ್ಟು ಹರಡಲು, ವ್ಯಾನ್ ಗೋನ ಜೀವನ ಕುರಿತು 1956ರಲ್ಲಿ ಬಂದ ಹಾಲಿವುಡ್ ಚಲನಚಿತ್ರವೂ ಒಂದು ಕಾರಣ.

ದಿನಾಂಕದ ಈ ಕೆಲಸ ಒಣ ಪಾಂಡಿತ್ಯವಲ್ಲ. ಚಿತ್ರವೊಂದನ್ನು ಅದರ ನಂತರ ನಡೆದ ಘಟನೆಯಿಂದ ಹಿಂದಕ್ಕೆ ಓದಿದರೆ, ಬಣ್ಣ, ರಚನೆ, ಕಲಾವಿದನ ಮಾತು ಎಲ್ಲವೂ ಆ ಒಂದು ಘಟನೆಯ ಸಾಕ್ಷಿಗಳಾಗಿ ಕುಗ್ಗಿಬಿಡುತ್ತವೆ. ಅವನು ಈ ಹೊಲವನ್ನು ಬರೆಯುವಾಗ ತನ್ನ ಜುಲೈ 27 ಯಾವುದೆಂದು ಅವನಿಗೆ ಗೊತ್ತಿರಲಿಲ್ಲ.

ಜೊತೆಯ ಚಿತ್ರದೊಂದಿಗೆ ಹೋಲಿಸಿ, ನಂತರ ಬರೆಯಿರಿ

ಅದೇ ಪತ್ರಕ್ಕೆ ಸೇರಿದ್ದೆಂದು ತಿಳಿಯಲಾದ ಇನ್ನೊಂದು ಕ್ಯಾನ್ವಾಸು 'ಗುಡುಗುಮೋಡದ ಕೆಳಗಿನ ಗೋಧಿ ಹೊಲ'. ಅದೂ ಅದೇ ಮ್ಯೂಸಿಯಂನಲ್ಲಿದೆ, ಅದೇ ಜೋಡಿಚೌಕದ ಆಕಾರ. ಅದರಲ್ಲಿ ದಾರಿಯಿಲ್ಲ, ಕಾಗೆಯಿಲ್ಲ, ಹಸಿರು ಹೊಲದ ಪಟ್ಟಿಗಳ ಮೇಲೆ ನೀಲಿ ಆಕಾಶ ಅಷ್ಟೇ. ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿ. ಒಂಟಿತನ ಆ ಚಿತ್ರದಲ್ಲಿಯೂ ಇದೆ ಎಂದು ನಿಮಗೆ ಅನ್ನಿಸಿದರೆ, ಒಂಟಿತನಕ್ಕೆ ಕಾಗೆ ಬೇಕಾಗಿರಲಿಲ್ಲ, ಬಯಲಿನ ಅಗಲವೂ ಆಕಾಶದ ಭಾರವೂ ಸಾಕಾಗಿದ್ದವು ಎಂದಾಯಿತು. ಹಾಗಾದರೆ ಕಾಗೆಗಳೂ ದಾರಿಗಳೂ ಹೆಚ್ಚಿಗೆ ತಂದದ್ದೇನು? ನನ್ನ ಉತ್ತರ, ಚಲನೆ. ಗುಡುಗುಮೋಡದ ಚಿತ್ರ ನಿಂತ ಬಯಲು, ಕಾಗೆಗಳ ಚಿತ್ರದಲ್ಲಿ ಎಲ್ಲವೂ ಎಲ್ಲಿಗೋ ಹೊರಟಿವೆ, ಎಲ್ಲಿಗೆಂದು ಮಾತ್ರ ತಿಳಿಯದು.

ಈಗ ನಿಮ್ಮ ವ್ಯಾಖ್ಯಾನವನ್ನು ಐದಾರು ವಾಕ್ಯಗಳಲ್ಲಿ ಬರೆಯಿರಿ. ಮಾದರಿಯಾಗಿ ನನ್ನದನ್ನು ಕೊಡುತ್ತೇನೆ. "ಜೋಡಿಚೌಕದ ಅಗಲದಲ್ಲಿ ಹರಡಿದ ಈ ಹೊಲ ನೋಡುಗನನ್ನು ದಾರಿಗಳು ಕೂಡುವಲ್ಲಿ ನಿಲ್ಲಿಸಿ, ಯಾವ ದಾರಿಯನ್ನೂ ದಿಗಂತಕ್ಕೆ ಮುಟ್ಟಿಸದೆ ಬಿಡುತ್ತದೆ. ಮನುಷ್ಯರಿಲ್ಲದ ಬಯಲು ಮತ್ತು ಒತ್ತುವ ಆಕಾಶ ಕಲಾವಿದನೇ ಹೇಳಿದ ಒಂಟಿತನವನ್ನು ಹೊತ್ತಿವೆ. ಆದರೆ ಚಿತ್ರದಲ್ಲಿ ಅತ್ಯಂತ ಪ್ರಕಾಶಮಾನವಾಗಿರುವುದು ಮಾಗಿದ ಗೋಧಿ, ಅವನ ಪತ್ರಗಳಲ್ಲಿ ಅದು ಮನುಷ್ಯನ ಬಾಳಿನ, ಪ್ರೀತಿಯ, ದುಃಖವಿಲ್ಲದ ಕೊಯ್ಲಿನ ರೂಪ. ಪೂರಕ ವರ್ಣಗಳ ಕ್ರಮದಿಂದಾಗಿ ಆಕಾಶ ಕಪ್ಪಾದಷ್ಟೂ ಹೊಲ ಹೆಚ್ಚು ಬೆಳಗುತ್ತದೆ, ಹೀಗಾಗಿ ದುಃಖ ಮತ್ತು ಚೇತನ ಇಲ್ಲಿ ಒಂದನ್ನೊಂದು ಅಳಿಸುವುದಿಲ್ಲ. ಹೊಲದಂತೆಯೇ ಗಿಡ್ಡ ಎಳೆತಗಳಿಂದಾದ ಕಾಗೆಗಳು ಎರಡರ ನಡುವೆ ಹಾರುತ್ತವೆ, ಬರುತ್ತಿವೆಯೋ ಹೋಗುತ್ತಿವೆಯೋ ತಿಳಿಯದು."

ಬರೆದಾದ ಮೇಲೆ ಪ್ರತಿ ವಾಕ್ಯದ ಪಕ್ಕದಲ್ಲಿ ಅದರ ಆಧಾರವನ್ನು ಗುರುತಿಸಿ: ಕ್ಯಾನ್ವಾಸು, ಬೇರೆ ಚಿತ್ರ, ಪತ್ರ, ದಿನಾಂಕ, ಇವುಗಳಲ್ಲಿ ಯಾವುದು? ಯಾವುದೂ ಇಲ್ಲದಿದ್ದರೆ ವಾಕ್ಯವನ್ನು ಹೊಡೆದುಹಾಕಿ, ಅಥವಾ ಅದು ನಿಮ್ಮ ಅನಿಸಿಕೆಯೆಂದು ಸ್ಪಷ್ಟವಾಗಿ ತಿಳಿಸಿ. ಅನಿಸಿಕೆಗೆ ಜಾಗವಿಲ್ಲವೆಂದಲ್ಲ. ಪಿತೃಗಳ ಕಾಗೆ ಈ ಚಿತ್ರದಲ್ಲಿ ನಿಮಗೆ ಕಂಡರೆ ಬರೆಯಿರಿ, ವ್ಯಾನ್ ಗೋನ ತಲೆಯ ಮೇಲೆ ಮಾತ್ರ ಅದನ್ನು ಹೊರಿಸಬೇಡಿ. ಅವನ ಪತ್ರಗಳಲ್ಲಿ 800ಕ್ಕೂ ಹೆಚ್ಚು ಉಳಿದುಬಂದಿದ್ದು, 2009ರಿಂದ ಅವೆಲ್ಲವೂ ಇಂಗ್ಲಿಷ್ ಅನುವಾದ ಮತ್ತು ಟಿಪ್ಪಣಿಗಳೊಂದಿಗೆ ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಆದ್ದರಿಂದ ಯಾವುದೇ ಮಾತನ್ನು ಅವನದೆಂದು ಬರೆಯುವ ಮೊದಲು ಪತ್ರವನ್ನೇ ತೆರೆದು ನೋಡುವುದು ಕಷ್ಟವೇನಲ್ಲ.

ಬೇರೆ ಕಲಾವಿದರತ್ತ ಹೋಗುವಾಗ ಕ್ರಮವನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ಗೊಗ್ಯಾಂ 1888ರಲ್ಲಿ ಬರೆದ 'ಪ್ರವಚನದ ನಂತರದ ದರ್ಶನ'ದಲ್ಲಿ ನೆಲವೇ ಕೆಂಪಾಗಿದೆ. ಅಲ್ಲಿಯ ಹೊಲವೂ ದೇವದೂತನ ಕುಸ್ತಿಯೂ ಪ್ರಾರ್ಥಿಸುತ್ತಿರುವ ಹೆಂಗಸರ ಕಲ್ಪನೆಯಲ್ಲಿ ಮಾತ್ರ ಇವೆ ಎಂದು ಅವನೇ ವ್ಯಾನ್ ಗೋಗೆ ತಿಳಿಸಿದ್ದ, ಹಾಗಾಗಿ ಅಲ್ಲಿ ಸಂಕೇತದಿಂದಲೇ ಆರಂಭಿಸಬಹುದು. ಸೆಜಾನ್ 30ಕ್ಕೂ ಹೆಚ್ಚು ತೈಲಚಿತ್ರಗಳಲ್ಲಿ ಬರೆದ ಸೇಂಟ್ ವಿಕ್ಟ್ವಾರ್ ಪರ್ವತದ ಮುಂದೆ ಇದು ನಡೆಯದು. ಅಲ್ಲಿ ಪರ್ವತ ಯಾವುದರ ಸಂಕೇತ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಬಣ್ಣದ ಒಂದು ತೇಪೆ ಪಕ್ಕದ ತೇಪೆಯನ್ನು ಹೇಗೆ ಎತ್ತಿ ಹಿಡಿದಿದೆ, ದೂರದ ಶಿಖರವೂ ಹತ್ತಿರದ ಮನೆಯೂ ಒಂದೇ ತಳದ ಮೇಲೆ ಹೇಗೆ ನಿಂತಿವೆ ಎಂಬುದನ್ನೇ ಬಹಳ ಹೊತ್ತು ನೋಡಿ.